ನಾಲ್ಕು ಸಂಸಾರ, ಒಂದು ಮೀಟರ್

ಮೇ ೧೨, ಮಂಗಳವಾರ

ಮೈ ಇನ್ನೂ ಉರಿಯುತ್ತಿದೆ. ದರ ಏರಿಸುವ ಮೊದಲು ಜನರ ಅಹವಾಲು ಕೇಳುತ್ತೇವೆಂದು ಕರೆಂಟು ಆಫೀಸಿನವರು ಕರೆದ ಸಭೆಗೆ ಹೊಲಿಗೆ ಬಿಟ್ಟು ಹೋಗಿದ್ದೆ.

"ಕಮ್ಮಿ ಉರಿಸೋರಿಗೆ ಕಮ್ಮಿ ದರ, ಜಾಸ್ತಿ ಉರಿಸೋರಿಗೆ ಜಾಸ್ತಿ. ಇದಕ್ಕಿಂತ ನ್ಯಾಯ ಬೇಕೇನಮ್ಮಾ?" ಎಂದರು ಅಧಿಕಾರಿ.

"ನಮ್ಮ ವಠಾರದಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಮೀಟರ್ ಸಾರ್. ಎಲ್ಲರದ್ದೂ ಸೇರಿ ಬಂಗಲೆಯವರ ದರ ಬೀಳತ್ತೆ."

"ನಮ್ಮ ಲೆಕ್ಕದಲ್ಲಿ ಒಂದು ಮೀಟರ್ ಅಂದ್ರೆ ಒಂದು ಮನೆ."

ಮುಂದಿನ ಸಾಲಿನಲ್ಲಿದ್ದ ನಮ್ಮ ಓನರ್ ತಲೆದೂಗಿದ. ಅವನದು ಒಂದೇ ಸಂಸಾರ, ಮಹಡಿಗೊಂದರಂತೆ ಮೂರು ಮೀಟರ್. ಮೂರಕ್ಕೂ ಬಡವರ ದರ. ಅದನ್ನು ಅಲ್ಲೇ ಹೇಳಬೇಕಿತ್ತು. ಉತ್ತರಗಳೆಲ್ಲ ಈಗ ಸಾಲಾಗಿ ಬರುತ್ತಿವೆ, ದರಿದ್ರದವು.

ಹೋದ ತಿಂಗಳು ನಾಲ್ಕು ಪಾಲಾಗುವ ಆ ಬಿಲ್ಲು ನೋಡಿ ವಠಾರದ ಪಕ್ಕದ ಮನೆಯ ಅಜ್ಜಿಯ ಮೇಲೆ ರೇಗಿದ್ದೆ: "ದಿನವಿಡೀ ಫ್ಯಾನ್ ಹಾಕ್ಕೊಂಡು ಕೂತ್ರೆ ಹೆಂಗಜ್ಜಿ?"

ಇವತ್ತು ಸಭೆಯಿಂದ ಬಂದು ಗೇಟು ತೆಗೆದೆ. ಸದ್ದು ಕೇಳಿದ್ದೇ ತಡ, ಅಜ್ಜಿಯ ಮನೆಯ ಫ್ಯಾನು ನಿಂತಿತು. ಈ ಸೆಕೆಯಲ್ಲಿ. ದರ ಗೊತ್ತುಮಾಡುವವರು ಯಾರೆಂದು ಅಜ್ಜಿಗೆ ಗೊತ್ತಿಲ್ಲ. ಅಜ್ಜಿ ಹೆದರುವುದು ನನಗೆ.