ಮನೆ ನೋಡಿಕೊಂಡವಳು

ಕ್ಲೂನಬೆಗ್, ರಾಸ್‌ಕಾಮನ್
೬ ನವೆಂಬರ್ ೧೯೮೮

ಪ್ರೀತಿಯ ಅಟ್ರಾಕ್ಟಾ ಅಕ್ಕ,

ಹೇಗಿದ್ದೀರಿ? ಈಸ್ಟರ್‌ಗೆ ಬಂದ ನಿಮ್ಮ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ನಿಮ್ಮ ತಮ್ಮ ಚೆನ್ನಾಗಿದ್ದಾರೆ. ಆಲೂಗಡ್ಡೆ ಅಗೆಯುವಾಗ ಮಾತ್ರ ಮಂಡಿನೋವು ಬರುತ್ತದೆ, ಊಟಕ್ಕೆ ಕರೆದರೆ ಹೋಗುತ್ತದೆ.

ನೀವು ಅಡುಗೆ ಮಾಡಿಕೊಂಡಿದ್ದ ಸ್ಲೈಗೋದ ಪಾದ್ರಿಗಳು ತೀರಿಕೊಂಡರಂತೆ. ಹೊಸಬರು ಅಡುಗೆಗೆ ತಮ್ಮ ಕಡೆಯವಳನ್ನೇ ಕರೆತರುತ್ತಾರಂತೆ, ಕ್ರಿಸ್‌ಮಸ್‌ಗೆ ಮೊದಲು ನೀವು ಕೋಣೆ ಬಿಡಬೇಕಂತೆ. ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಾನು ಗುರುವಾರಗಳಂದು ಗ್ರಂಥಾಲಯದಲ್ಲಿ ಹಳೆಯ ಜನಗಣತಿಯ ಹಾಳೆಗಳನ್ನು ಬಂದವರಿಗೆ ಓದಿಕೊಡುತ್ತೇನೆ. ಹೆಂಡತಿಯ ಹೆಸರಿನ ಮುಂದೆ ಉದ್ಯೋಗದ ಜಾಗ ಹೆಚ್ಚಾಗಿ ಖಾಲಿ. ಹಾಲು ಕರೆದು, ಬೆಣ್ಣೆ ಕಡೆದು, ಒಂಬತ್ತು ಹೆತ್ತವಳಿಗೆ ಉದ್ಯೋಗವಿಲ್ಲ! ಅಣ್ಣನ ಮನೆಯಲ್ಲಿರುವ ಮದುವೆಯಾಗದ ತಂಗಿಯಾದರೆ ‘ಮನೆ ನೋಡಿಕೊಳ್ಳುವವಳು’ ಎಂದು ಬರೆದಿರುತ್ತಾರೆ.

“ಅಂದ್ರೆ ಇವ್ಳು ಸಂಬಳದ ಆಳಾ?” ಅಂತ ಮೊನ್ನೆ ಒಬ್ಬರು ಕೇಳಿದರು.

“ಆಳಾಗಿದ್ರೆ ಸಂಬಳನಾದ್ರೂ ಸಿಕ್ತಿತ್ತು ಬಿಡಿ. ತಂಗಿ ಕಣ್ರೀ” ಅಂದೆ.

ಆಮೇಲೆ ನಮ್ಮ ಮನೆಯ ಹಾಳೆಯನ್ನೇ ತೆಗೆದು ನೋಡಿದೆ. ೧೯೦೧ರಲ್ಲಿ ನಿಮ್ಮ ತಾತ ಬಾರ್ಟ್ಲಿ, ರೈತ. ತಂಗಿ ವಿನಿಫ್ರೆಡ್ ಮುಲ್ವಿಹಿಲ್, ವಯಸ್ಸು ಮೂವತ್ತಾರು, ಮನೆ ನೋಡಿಕೊಳ್ಳುವವಳು. ೧೯೧೧ರಲ್ಲಿ ತಾತನಿಗೆ ಹೆಂಡತಿ ಬಂದಿದ್ದಾಳೆ, ಅವಳ ಉದ್ಯೋಗ ಖಾಲಿ. ವಿನಿಫ್ರೆಡ್ ಇಲ್ಲ.

ನಿಮ್ಮ ತಮ್ಮನನ್ನು ಕೇಳಿದೆ. “ಅಮೆರಿಕಕ್ಕೆ ಹೋದ್ಲು ಅಂತ ಅಪ್ಪ ಹೇಳ್ತಿದ್ರು. ಹೆಂಡ್ತಿ ಬಂದ್ಮೇಲೆ ತಂಗಿ ಹೋಗ್ಲೇಬೇಕಲ್ಲ, ಪದ್ಧತಿ” ಅಂದರು. ಅಷ್ಟು ಹೇಳಿ ದನದ ಕೊಟ್ಟಿಗೆಗೆ ಎದ್ದುಹೋದರು.

ಅವಳು ಅಮೆರಿಕಕ್ಕೆ ಹೋಗಿರಲಿಲ್ಲ ಅಕ್ಕ. ಅದೇ ೧೯೧೧ರ ಜನಗಣತಿಯಲ್ಲಿ, ಜಿಲ್ಲೆಯ ಹುಚ್ಚಾಸ್ಪತ್ರೆಯ ಪಟ್ಟಿಯಲ್ಲಿ ಸಿಕ್ಕಳು. ಅಲ್ಲಿ ಯಾರ ಹೆಸರನ್ನೂ ಪೂರ್ತಿ ಬರೆಯುವುದಿಲ್ಲ, ಮೊದಲಕ್ಷರ ಮಾತ್ರ. ವಿ. ಮು., ನಲವತ್ತಾರು, ಅವಿವಾಹಿತೆ. ಉದ್ಯೋಗ: ಮನೆ ನೋಡಿಕೊಳ್ಳುವವಳು. ಬೇರೆ ಯಾರೋ ವಿ. ಮು. ಇರಬಹುದು ಎಂದು ಗ್ರಂಥಪಾಲಕಿ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ನೋಡಿಕೊಳ್ಳಲು ಮನೆಯೇ ಇಲ್ಲದವಳು ಅದನ್ನೇ ಹೇಳಿ ಬರೆಸಿದ್ದಾಳೆ. ನಾನು ಅಲ್ಲೇ ಕೂತು ಅತ್ತೆ.

ನೀವು ಒಲೆಯ ಬೂದಿ ಗುಡಿಸುತ್ತಿದ್ದ ಹೆಬ್ಬಾತಿನ ರೆಕ್ಕೆ ಇನ್ನೂ ಅದೇ ಮೊಳೆಗೆ ತೂಗುತ್ತಿದೆ. ಹಿಂದಿನ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಬಂದುಬಿಡಿ. ದೇವಮಾತೆ ನಿಮ್ಮನ್ನು ಕಾಯಲಿ.

ನಿಮ್ಮ ತಮ್ಮನ ಹೆಂಡತಿ,
ಡಿಂಪ್ನಾ

ಮರೆತ ಮಾತು: ಮರೆತದ್ದಲ್ಲ, ಇಪ್ಪತ್ತಾರು ವರ್ಷ ನುಂಗಿಕೊಂಡದ್ದು. ಹದಿನಾಲ್ಕನೇ ವಯಸ್ಸಿಗೆ ತೀರಿಕೊಂಡ ತಾಯಿಯ ಒಲೆ ಹಿಡಿದು ತಮ್ಮನನ್ನು ಸಾಕಿದ ನಿಮ್ಮನ್ನು ಅವನೇ ಈ ಮನೆಯಿಂದ ಕಳಿಸಿದನೆಂದು ನೀವು ನಂಬಿದ್ದೀರಿ. ನಿಮ್ಮ ತಮ್ಮನೂ ಹಾಗೇ ನಂಬಿಸಿದರು. ಮದುವೆಗೆ ಮುಂಚೆ, “ಅಕ್ಕ ಇಲ್ಲೇ ಇರ್ಲಿ ಡಿಂಪ್ನಾ, ಅವ್ಳಿಗೆ ಬೇರೆ ಎಲ್ಲಿದೆ ಮನೆ?” ಅಂತ ಅವರು ನನ್ನ ಕೈ ಹಿಡಿದು ಬೇಡಿಕೊಂಡಿದ್ದರು. “ಒಂದು ಒರೇಲಿ ಎರಡು ಕತ್ತಿ ಆಗಲ್ಲ. ಅವ್ಳಿದ್ರೆ ನಾನು ಬರಲ್ಲ” ಅಂದವಳು ನಾನು.