ಶಿಸ್ತು ಎಂದರೆ ಕಂದಾಯ

ಜನ್ನಾಪುರ, ಭದ್ರಾವತಿ
೬ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಶರಣ್ಯಾ,

'ಪ್ರೀತಿಯ' ಎಂದು ಬರೆದದ್ದನ್ನು ನೋಡಿ ಹಿಗ್ಗಬೇಡ, ಕಾಗದ ಬರೆಯುವ ರೂಢಿ ಅದು. ಆರೋಗ್ಯ ಹೇಗಿದೆ? ಚಳಿ ಕಾಲಿಡುವ ಮೊದಲೇ ನಿನಗೆ ಮೂಗು ಕಟ್ಟಿ ತಲೆನೋವು ಶುರುವಾಗುತ್ತದಲ್ಲ, ಈ ವರ್ಷವೂ ಬಂತೇ? ಹಬೆ ತೆಗೆದುಕೋ, ಮೆಡಿಕಲ್ ಶಾಪಿನವನು ಕೊಟ್ಟ ಗುಳಿಗೆಯನ್ನೆಲ್ಲ ನುಂಗಬೇಡ. ನನ್ನ ಮಂಡಿ ಮೊನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಊದಿಕೊಂಡಿದೆ, ಕಾರಣ ಮುಂದೆ ಬರುತ್ತದೆ. ನಿನ್ನಮ್ಮ ಸುಖವಾಗಿದ್ದಾಳೆ, ನನ್ನ ಜೊತೆ ಮಾತು ಕಡಿಮೆ ಮಾಡಿದ ಮೇಲಂತೂ ಇನ್ನೂ ಸುಖವಾಗಿದ್ದಾಳೆ. ಇಲ್ಲಿಂದ ಶಿವಮೊಗ್ಗದಲ್ಲಿ ನೀನಿರುವ ನವುಲೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಷ್ಟು ದೂರಕ್ಕೆ ಈ ಕಾಲದಲ್ಲಿ ಅಂಚೆಗೆ ಕಾಗದ ಹಾಕುವವನು ನಾನೊಬ್ಬನೇ ಇರಬೇಕು. ಫೋನಿನಿಂದ ನಿನ್ನ ನಂಬರು ಅಳಿಸಿದವನೂ ನಾನೇ ಆದ್ದರಿಂದ ಯಾರನ್ನೂ ದೂರುವಂತಿಲ್ಲ.

ಇನ್ನು ವಿಷಯ. ನಿನ್ನೆ ಭಾನುವಾರ ಕವಲೇದುರ್ಗದ ಕೋಟೆಗೆ ಹೋಗಿದ್ದೆ. ಕೋಟೆ ತೋರಿಸಿದವನು ನಿನ್ನ ಗಂಡ. ಹೌದು, ಸರಿಯಾಗಿಯೇ ಓದಿದ್ದೀಯ. ಎರಡು ವರ್ಷದ ಹಿಂದೆ ನೀವು ರಿಜಿಸ್ಟರ್ ಮದುವೆಯಾದಾಗ, ಕೋಟೆ ತೋರಿಸುವುದೂ ಒಂದು ಉದ್ಯೋಗವೇ, ಹೋದವರಿಗೆ ಕಣ್ಣಿಲ್ಲವೇ, ಕಲ್ಲು ತಾನಾಗಿ ಕಾಣುವುದಿಲ್ಲವೇ ಎಂದು ಕೇಳಿದ್ದೆನಲ್ಲ, ಆ ಗೈಡ್ ಮಹಾಶಯನನ್ನು ನಾನು ಮೊದಲ ಸಲ ನೋಡಿದ್ದೇ ನಿನ್ನೆ. ನನಗೇನೂ ಬಯಕೆಯಾಗಿರಲಿಲ್ಲ. ದಸರಾ ಮುಗಿದ ಮಾರನೆಯ ದಿನ ನಿನ್ನಮ್ಮ ಕಾಫಿ ಲೋಟ ಮುಂದಿಟ್ಟು, ಕೂರದೆ, ನಿಂತೇ ಹೇಳಿದಳು: "ಮಗಳು ಅಳಿಯನ್ನ ಕರೀದೆ ಎರಡು ದೀಪಾವಳಿ ಮಾಡಿದ್ದಾಯ್ತು. ಒಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಆಮೇಲೂ ಬೇಡ ಅಂದ್ರೆ ಈ ಮನೇಲಿ ನಾನು ಅವರ ಹೆಸರೆತ್ತಲ್ಲ. ಮಗಳ ಹೆಸರೂ ಎತ್ತಲ್ಲ." ಮಗಳ ಹೆಸರೂ ಎಂದದ್ದು ಚುಚ್ಚಿತು. ಆದರೂ ಒಪ್ಪಿದೆ. ನೋಡಿ ಬಂದ ಮೇಲೆ ಬೇಡ ಎನ್ನಲು ನಾಲ್ಕು ಕಾರಣ ಹೆಚ್ಚೇ ಸಿಗುತ್ತವೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಗುರುತು ಸಿಗಬಾರದೆಂದು ಸೀಟನ್ನು ಹೊನ್ನಯ್ಯನ ಫೋನಿನಿಂದ, ಹೊನ್ನಯ್ಯನ ಹೆಸರಿನಲ್ಲೇ ಬುಕ್ ಮಾಡಿಸಿದೆ. ತಾಲ್ಲೂಕು ಕಚೇರಿಯಲ್ಲಿ ನನ್ನ ಪಕ್ಕದ ಟೇಬಲ್ಲಿನಲ್ಲಿದ್ದನಲ್ಲ, ಅದೇ ಹೊನ್ನಯ್ಯ. ಬೆಳಗ್ಗೆ ಆರೂವರೆಗೆ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಬೇಕರಿಯ ಮುಂದೆ ಟಿಟಿ ಗಾಡಿ ನಿಂತಿತ್ತು. ನಿನ್ನ ಹಾಲಸ್ವಾಮಿ ನೀಲಿ ಟೀ ಶರ್ಟು ಹಾಕಿ, ಕೊರಳಿಗೆ ಕಾರ್ಡು ನೇತುಹಾಕಿಕೊಂಡು, ಸೊಂಟಕ್ಕೊಂದು ಪುಟ್ಟ ಸ್ಪೀಕರು ಕಟ್ಟಿಕೊಂಡು ಬೆಡ್‌ಶೀಟ್ ಮಾರುವವನ ಹಾಗೆ ನಿಂತಿದ್ದ. ಕೈಯಲ್ಲಿ ಪಟ್ಟಿ ಹಿಡಿದು "ಹೊನ್ನಯ್ಯ ಸಾರ್ ಬಂದ್ರಾ" ಎಂದು ಮೂರು ಸಲ ಕೂಗಿದ. ಹೊನ್ನಯ್ಯ ನಾನೇ ಎಂದು ನೆನಪಾಗುವಷ್ಟರಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಕಿವುಡ ಎಂದುಕೊಂಡಿರಬೇಕು, ಆಮೇಲೆ ದಿನವಿಡೀ ನನ್ನ ಹತ್ತಿರ ಮಾತ್ರ ಗಟ್ಟಿಯಾಗಿ ಮಾತಾಡಿದ.

ಗಾಡಿಯಲ್ಲಿ ಹದಿನಾರು ಜನ. ಅವರ ಯೋಗ್ಯತೆಯನ್ನು ಏನೆಂದು ಬರೆಯಲಿ. ಹಿಂದಿನ ಸೀಟಿನ ಹುಡುಗ ಹುಡುಗಿಯರು ಕೋಟೆಗೆ ಹೊರಟದ್ದೋ ಕ್ಯಾಮರಾದೊಳಕ್ಕೆ ಹೊರಟದ್ದೋ ತಿಳಿಯದು. ಹೊಳಲೂರಿನ ಕರಿಯಣ್ಣ ಎಂಬ ಜಮೀನುದಾರರು ಹೆಂಡತಿಯ ಜೊತೆ ಬಂದಿದ್ದರು, ಅವರಿಗೆ ತೀರ್ಥಹಳ್ಳಿ ಬರುವವರೆಗೆ ತಿಂಡಿಯದ್ದೇ ಚಿಂತೆ, ತೀರ್ಥಹಳ್ಳಿ ದಾಟಿದ ಮೇಲೆ ಊಟದ್ದು. ನನ್ನ ಪಕ್ಕದಲ್ಲಿ ತನುಶ್ರೀ ಎಂಬ ಹೈಸ್ಕೂಲು ಮೇಡಂ, ಸಮಾಜ ವಿಜ್ಞಾನ ಪಾಠ ಮಾಡುವವರಂತೆ. ಇದೇ ಟೂರಿಗೆ ಎರಡನೆಯ ಸಲ ಬರುತ್ತಿದ್ದೇನೆ ಎಂದರು. ಒಂದು ಸಲ ಮೋಸ ಹೋದದ್ದು ಸಾಲದೇ ಎಂದು ಕೇಳಬೇಕೆನಿಸಿತು, ಬಾಯಿ ಬಿಟ್ಟರೆ ನನ್ನ ಬಣ್ಣ ಬಯಲಾಗುತ್ತದೆಂದು ಸುಮ್ಮನಾದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಆಡಿದ್ದು 'ಹೂಂ' ಮತ್ತು 'ಸಾಕು', ಎರಡೇ ಮಾತು. ನಿನ್ನಮ್ಮನಿಗೆ ಹೇಳಿದರೆ ನಂಬಲಿಲ್ಲ.

ಕೋಟೆ ದೊಡ್ಡದೇ, ಅದರಲ್ಲಿ ಮಾತಿಲ್ಲ. ಗದ್ದೆಯ ಬದುವಿನ ಮೇಲೆ ನಡೆದು, ಕಲ್ಲು ಹಾಸಿದ ದಾರಿ ಹತ್ತಿ, ಒಂದರ ಮೇಲೊಂದು ಮೂರು ಸುತ್ತಿನ ಗೋಡೆ ದಾಟಿ ಹೋಗಬೇಕು. ಆದರೆ ನಿನ್ನ ಗಂಡ ಅದನ್ನು ತೋರಿಸುವ ವೈಖರಿ ನೋಡಬೇಕು ಮಾರಾಯ್ತಿ. ಒಂದೊಂದು ಬಾಗಿಲಿನಲ್ಲೂ ಎಲ್ಲರನ್ನೂ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಗೋಡೆಗೆ ಅಂಗೈ ಒತ್ತಿಸಿ, ಕಲ್ಲು ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಕೇಳುತ್ತಾನೆ. ಕಲ್ಲಿಗೇನು ಜ್ವರ ಬಂದಿತ್ತೇ? ಅದಕ್ಕೆ ಕರಿಯಣ್ಣನವರು "ತಣ್ಣಗದೆ, ತಣ್ಣಗದೆ" ಎಂದು ಭಕ್ತಿಯಿಂದ ಉತ್ತರ ಕೊಡುವುದು. ನಿಧಾನಕ್ಕೆ ಹತ್ತುವವರ ಹಿಂದೆಯೇ ತಾನೂ ನಿಧಾನಕ್ಕೆ ಬರುತ್ತಿದ್ದ, ಮುಂದೆ ಹೋದವರು ಕಾಯಲಿ ಎಂದು ಬಿಟ್ಟುಬಿಡುತ್ತಿದ್ದ. ಇದು ವ್ಯವಸ್ಥೆಯೇ? ಎರಡನೆಯ ಬಾಗಿಲಿನ ಹತ್ತಿರ ನನ್ನ ಪಕ್ಕಕ್ಕೆ ಬಂದು, "ಸಾರ್, ಬಲಗಡೆ ಕಲ್ಲು ಪಾಚಿ ಹಿಡಿದಿದೆ, ಎಡಗಡೆ ಕಾಲಿಡಿ" ಎಂದ. ನನಗೆ ಹೇಳಿಕೊಡುವ ಇವನ್ಯಾರು ಎಂದು ಬಲಗಡೆಗೇ ಕಾಲಿಟ್ಟೆ. ಮಂಡಿಯ ಊತದ ಕಥೆ ಇಷ್ಟೇ.

ಮೇಲೆ ಅರಮನೆ ಇದ್ದ ಜಾಗದಲ್ಲಿ ತಳಪಾಯ, ಕಂಬದ ಬುಡ, ಕಲ್ಲಿನ ಒಲೆ ಇಷ್ಟು ಉಳಿದಿದೆ. ಅಲ್ಲಿ ನಮ್ಮನ್ನೆಲ್ಲ ಕೂರಿಸಿ ಅವನು ಕೆಳದಿಯ ಇತಿಹಾಸ ಶುರುಮಾಡಿದ. ನಾನು ಕಿವಿ ನಿಮಿರಿಸಿ ಕೂತೆ, ತಪ್ಪಿಗಾಗಿ ಕಾಯುತ್ತಿದ್ದೆ. ಬಂತು. "ಶಿವಪ್ಪ ನಾಯಕನಿಗೆ ಶಿಸ್ತಿನ ಶಿವಪ್ಪ ನಾಯಕ ಅಂತ ಯಾಕೆ ಹೆಸರು ಬಂತು ಹೇಳಿ ನೋಡಣ? ಮನುಷ್ಯ ಅಷ್ಟು ಡಿಸಿಪ್ಲಿನ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೈನ್ಯನ ಸಾಲಾಗಿ ನಿಲ್ಲಿಸ್ತಿದ್ದ" ಎಂದುಬಿಟ್ಟ. ಶರಣ್ಯಾ, ಮೂವತ್ನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಸವೆದವನು ನಾನು. ಈ ಒಂದು ಪದಕ್ಕಾಗಿ ಎಷ್ಟು ಜನರ ಜೊತೆ ಜಗಳವಾಡಿದ್ದೇನೆಂದು ನಿನಗೆ ಗೊತ್ತು. ಹೆಡ್ಮಾಸ್ಟರುಗಳ ಭಾಷಣದಲ್ಲಿ ಈ ತಪ್ಪು ಕೇಳಿ ಎದ್ದು ಬಂದವನು. ನನಗೆ ತಡೆಯಲಾಗಲಿಲ್ಲ. ಹೊನ್ನಯ್ಯನನ್ನು ಮರೆತು ಎದ್ದು ನಿಂತೆ. ಶಿಸ್ತು ಎಂದರೆ ಕಂದಾಯ, ಶಿವಪ್ಪ ನಾಯಕ ಭೂಮಿಗೆ ಕಟ್ಟಿದ ಕಂದಾಯದ ಹೆಸರೇ ಶಿಸ್ತು, ಡ್ರಿಲ್ ಮಾಸ್ತರಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಶುರುಮಾಡಿದವನು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ನೆಲವನ್ನು ಆರಿಸಿ, ಅದನ್ನು ತಾನೇ ಉಳುಮೆ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಐದು ವರ್ಷ ನೋಡಿ, ಆಮೇಲೆ ಕಂದಾಯ ಗೊತ್ತುಮಾಡಿದನೆಂದು ಹೇಳುತ್ತಾರಲ್ಲ, ಅದನ್ನೆಲ್ಲ ವಿವರಿಸಿದೆ. ಹಿಂದಿನ ಸೀಟಿನ ಹುಡುಗರು ಕೂಡ ಫೋನು ಕೆಳಗಿಟ್ಟರು. ಕರಿಯಣ್ಣನವರು ತಮ್ಮ ಗದ್ದೆ ಯಾವ ತರದ್ದಾಗಿರಬಹುದೆಂದು ಕೇಳಿದರು, ಅದನ್ನೂ ಹೇಳಿದೆ.

ನಿನ್ನ ಗಂಡ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ನಿಂತು ಕೇಳಿದ. ತಾನು ಹೇಳಿದ್ದು ತಪ್ಪು ಎಂದು ಹದಿನಾರು ಜನರೆದುರು ಒಪ್ಪಿಕೊಂಡ. ಆಮೇಲೆ ಒಂದು ಪ್ರಶ್ನೆ ಕೇಳಿದ: "ರಾಜ ಅಂದ್ಮೇಲೆ ಕೂತಲ್ಲೇ ಕೂತು ಇಷ್ಟು ಅಂತ ಗೊತ್ತುಮಾಡಬಹುದಿತ್ತಲ್ಲ ಸಾರ್, ಐದು ವರ್ಷ ಯಾಕೆ ನೋಡ್ದ?" ನಾನು ಎಂಥ ಗತ್ತಿನಲ್ಲಿ ಉತ್ತರ ಕೊಟ್ಟೆ ಗೊತ್ತೇ? "ನೆಲಾನ ನೋಡ್ದೆ ಅದರ ಯೋಗ್ಯತೆ ಹೇಳೋಕಾಗುತ್ತೇನಯ್ಯಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ನನಗೆ ಬಹಳ ಖುಷಿಯಾಯಿತು. ರಿಟೈರಾದ ಮೇಲೆ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ.

ಇಳಿಯುವಾಗ ನನ್ನ ತೀರ್ಪು ಸಿದ್ಧವಾಗಿತ್ತು. ಮನೆಗೆ ಹೋದವನೇ ನಿನ್ನಮ್ಮನಿಗೆ, ತನ್ನ ಕಸುಬಿನ ಮೊದಲ ಪದವೇ ಗೊತ್ತಿಲ್ಲದ ಅಡ್ಡಕಸುಬಿ, ನೋಡಿ ಬಂದೆ, ಈ ದೀಪಾವಳಿಗೂ ಬೇಡ, ಇನ್ಯಾವ ದೀಪಾವಳಿಗೂ ಬೇಡ ಎನ್ನುವುದು. ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ತಿದ್ದಿದ್ದೆ. ಶಿವಮೊಗ್ಗ ಹತ್ತಿರ ಬಂದಾಗ ಪಕ್ಕದ ತನುಶ್ರೀ ಮೇಡಂ ನನ್ನ ಪಾಂಡಿತ್ಯವನ್ನು ಹೊಗಳಿದರು. ಹೊಗಳಿ, "ಆದ್ರೂ ಒಂದು ಅರ್ಥ ಆಗ್ಲಿಲ್ಲ ಸಾರ್. ಜನವರೀಲಿ ಬಂದಾಗ ಅದೇ ಅರಮನೆ ಜಾಗದಲ್ಲಿ ಹಾಲಸ್ವಾಮಿಯವರೇ, ಶಿಸ್ತು ಅಂದ್ರೆ ಕಂದಾಯ ಅಂತ ನೀವು ಹೇಳಿದ್ದನ್ನೆಲ್ಲ ಹೇಳಿದ್ರು. ನಾನು ಬರ್ಕೊಂಡು ಮಕ್ಕಳಿಗೆ ಪಾಠ ಮಾಡಿದೀನಿ. ಈ ಸಲ ಯಾಕೆ ತಪ್ಪು ಹೇಳಿದ್ರೋ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದೂ ತಪ್ಪು ಹೇಳಿದ್ದಾನೆ. ನಾನು ಯಾರೆಂದು ಗೊತ್ತಿದ್ದೇ ಹೇಳಿದ್ದಾನೆ. ನನ್ನನ್ನು ಕುಣಿಸಿ ನೋಡಿದನೇ ಎಂದು ಸಿಟ್ಟು ನೆತ್ತಿಗೇರಿತು. ಸವಳಂಗ ರಸ್ತೆಯಲ್ಲಿ ಎಲ್ಲರೂ ಇಳಿದು ಹೋಗುವವರೆಗೆ ಕಾದೆ. ಗಾಡಿಯೊಳಗೆ ಜನ ಬಿಟ್ಟುಹೋದ ನೀರಿನ ಬಾಟಲಿಗಳನ್ನು ಆರಿಸುತ್ತಿದ್ದ ಅವನ ಎದುರು ನಿಂತು, ಇದೇನು ನಾಟಕ ಎಂದು ಕೇಳಿದೆ. ಅವನು ಬಾಟಲಿ ಕೆಳಗಿಟ್ಟ. "ಬೆಳಗ್ಗೆ ನೋಡಿದ ಕೂಡ್ಲೆ ಗೊತ್ತಾಯ್ತು ಸಾರ್. ಶರಣ್ಯಾ ಮೇಜಿನ ಮೇಲೆ ನಿಮ್ಮ ಫೋಟೋ ಇದೆ. ನೀವು ಮಧ್ಯಾಹ್ನದವರೆಗೂ ಒಂದು ಮಾತೂ ಆಡ್ಲಿಲ್ಲ, ಹಾಗೇ ಹೊರಟುಹೋಗ್ತೀರಿ ಅನ್ನಿಸ್ತು. ಆ ಪದ ಒಂದನ್ನ ತಪ್ಪು ಹೇಳಿದ್ರೆ ನಮ್ಮಪ್ಪ ಸುಮ್ನೆ ಕೂರಲ್ಲ ಅಂತ ಅವಳು ಯಾವಾಗ್ಲೂ ನಗ್ತಾಳೆ. ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕು ಅಂತ ಆಸೆ ಇತ್ತು, ತಪ್ಪಾಯ್ತು." ಇಷ್ಟಾದರೂ 'ಮಾವ' ಎನ್ನಲಿಲ್ಲ ನೋಡು. ಹಾಗೆ ಕರೆಯಲು ನಾನು ಬಿಟ್ಟಿಲ್ಲವೆಂದು ಅವನಿಗೆ ಗೊತ್ತು.

ನಾನು ಬಸ್ ಸ್ಟ್ಯಾಂಡಿನ ಆಟೋ ಹತ್ತಿದೆ. ದಾರಿಯುದ್ದಕ್ಕೂ ಅವನನ್ನು ಬೈಯಲು ಒಂದು ಮಾತು ಹುಡುಕಿದೆ, ಸಿಕ್ಕಿದ್ದೆಲ್ಲ ನನಗೇ ಸರಿಹೊಂದುತ್ತಿತ್ತು. ತನ್ನ ಅನ್ನದ ಜಾಗದಲ್ಲಿ ನಿಂತು, ಅಷ್ಟು ಜನರ ಮುಂದೆ ದಡ್ಡನಾಗಲು ಒಪ್ಪಿಕೊಂಡ, ಅದೂ ಎರಡು ವರ್ಷದಿಂದ ತನ್ನ ಮುಖ ನೋಡದ ಒಬ್ಬ ಮುದುಕ ಮಾತಾಡಲಿ ಎಂದು. ನಾನಾಗಿದ್ದರೆ ಮಾಡುತ್ತಿರಲಿಲ್ಲ. ನೆಲ ನೋಡದೆ ಯೋಗ್ಯತೆ ಹೇಳಲಾಗದು ಎಂದು ಅವನಿಗೇ ಬುದ್ಧಿ ಹೇಳಿದವನು ನಾನು, ಅವನನ್ನು ಒಂದು ದಿನವೂ ನೋಡದೆ ಒಂದೇ ನಿಮಿಷದಲ್ಲಿ ತಳ್ಳಿಹಾಕಿದವನೂ ನಾನೇ. ಗೈಡಿನ ಕೆಲಸ ಕೀಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಜಾತಿಯ ಮಾತು ಒಂದು ದಿನವೂ ಬಾಯಿಗೆ ತರಲಿಲ್ಲವೆಂದು ಹೆಮ್ಮೆಯನ್ನೂ ಪಟ್ಟೆ. ಬಾಯಿಗೆ ಬರಲಿಲ್ಲ, ಆದರೆ ಮನಸ್ಸಿನಲ್ಲಿ ಇತ್ತು ಶರಣ್ಯಾ, ಇವತ್ತು ನಿನಗೆ ಸುಳ್ಳು ಹೇಳಲಾರೆ. ನಾಚಿಕೆಯಾಗುತ್ತಿದೆ.

ಹಾಗೆಂದು ಅವನು ಹೇಳಿದ್ದೆಲ್ಲ ಸರಿ ಎಂದಲ್ಲ. ಮೂರನೆಯ ಸುತ್ತಿನ ಗೋಡೆಯ ಬಗ್ಗೆ ಅವನು ಕೊಟ್ಟ ವಿವರಣೆ ಕೇಳಿ ನನಗೆ ನಗು ಬಂತು. ಆ ಸ್ಪೀಕರಂತೂ ಕರ್ಕಶ. ಕಣ್ಣು ಮುಚ್ಚಿ ಕಲ್ಲು ಮುಟ್ಟಿಸುವುದನ್ನು ಮೊದಲು ನಿಲ್ಲಿಸಲಿ. ನಿನ್ನಮ್ಮ ನಿನ್ನೆ ಸಂಜೆಯಿಂದ ಏನನ್ನೂ ಕೇಳಿಲ್ಲ, ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟು ನನ್ನ ಮುಖವನ್ನೇ ನೋಡುತ್ತಾಳೆ. ಅವಳಿಗೆ ಕೊಡಬೇಕಾದ ಉತ್ತರವನ್ನು ಇನ್ನೂ ಕೊಟ್ಟಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ. ಎಲ್ಲಿದ್ದರೂ ತಣ್ಣಗಿರು ಮಗಳೇ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ತ್ರಿವಿಕ್ರಮ

ಮರೆತದ್ದು: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ದೀಪಾವಳಿಗೆ ಕಾಗದದಲ್ಲಿ ಕರೆದರೆ ಕರೆದಂತಾಗುವುದಿಲ್ಲ, ಮನೆಗೆ ಬಂದು ಕುಂಕುಮ ಕೊಟ್ಟೇ ಕರೆಯಬೇಕು. ಭಾನುವಾರ ಹಾಲಸ್ವಾಮಿಗೆ ಟೂರು ಇರುತ್ತದೆ, ಆದ್ದರಿಂದ ಶನಿವಾರ ಬೆಳಗ್ಗೆ ನಾನೂ ನಿನ್ನಮ್ಮನೂ ಬರುತ್ತೇವೆ. ಅವಳಿಗೆ ಈಗಷ್ಟೇ ಹೇಳಿದೆ, ಒಳಗೆ ಅಳುತ್ತಿದ್ದಾಳೆ. ಲಕೋಟೆಯ ಮೇಲೆ ವಿಳಾಸ ಬರೆದವಳು ಅವಳೇ, ಅವಳಿಗೆ ಬಾಯಿಪಾಠ. ನನ್ನ ಮಗಳ ಮನೆ ನವುಲೆಯಲ್ಲಿ ಯಾವ ಕ್ರಾಸಿನಲ್ಲಿದೆ ಎಂದು ನನಗೆ ಎರಡು ವರ್ಷದಿಂದ ಗೊತ್ತಿಲ್ಲ. ಅಳಿಯಂದಿರಿಗೆ ತೊಂದರೆಯಾಗದಿದ್ದರೆ ಬಸ್ ಸ್ಟಾಪಿನ ತನಕ ಬಂದು ನನಗೆ ದಾರಿ ತೋರಿಸಲಿ ಎಂದು ಕೇಳಿಕೊಂಡೆನೆಂದು ಹೇಳು.