ಹೊಗೆ ತಡವಾಗಿ ಬಿಟ್ಟ ರಾಕ್ಷಸ

ಇಂದ್ರಕ್ಕನಿಗೆ,

ಮಂಡ್ಯದಿಂದ ನಿನ್ನ ತಮ್ಮ ಚಲುವರಾಜು ಮಾಡುವ ನಮಸ್ಕಾರ.

ಫೋನು ಮಾಡಿದರೆ "ಉಂಡ್ಯೇನ್ಲಾ?" ಅಂತ ಕೇಳಿ, ನಾನು ಹೂಂ ಅನ್ನುವಷ್ಟರಲ್ಲಿ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹಸುಗಳ ಕೆಲಸ ಮುಗಿಸಿ, ಜಗಲಿಯ ಮೇಲೆ ಕೂತು ನಿಧಾನವಾಗಿ ಓದು.

ಹೋದ ವರ್ಷ ಮದ್ದೂರಿನ ಹತ್ತಿರ ಆ ಪಾರ್ಕು ಶುರುವಾದ ದಿನವನ್ನು ನೀನು ಮರೆತಿರಲಾರೆ. ಇಪ್ಪತ್ತು ವರ್ಷ ಊರೂರಿನ ನಾಟಕಗಳಿಗೆ ಪರದೆ ಬರೆದು, ಕಿರೀಟ ಗದೆ ಮಾಡಿಕೊಟ್ಟು ಬದುಕಿದವನಿಗೆ ಮೊದಲ ಸಲ ದೊಡ್ಡ ಕೆಲಸವೊಂದು ಸಿಕ್ಕಿತ್ತು. ರೋಲರ್ ಕೋಸ್ಟರಿನ ಸುರಂಗದೊಳಗೆ ರಾಕ್ಷಸನನ್ನು ಕೂರಿಸಬೇಕು. ಗಾಡಿ ಹತ್ತಿರ ಬರುತ್ತಿದ್ದಂತೆ ಅವನ ಕಣ್ಣು ಕೆಂಪಗೆ ಉರಿಯಬೇಕು, ಬಾಯಿ ತೆರೆದು ಅಬ್ಬರಿಸಬೇಕು, ಜನರ ಮುಖಕ್ಕೆ ಹೊಗೆ ಉಗುಳಬೇಕು. ಎಂಟು ತಿಂಗಳು ಅದೇ ಧ್ಯಾನ. ಹೆಂಡತಿ ಮುಖಕ್ಕಿಂತ ಆ ಫೈಬರ್ ಮುಖವನ್ನೇ ಹೆಚ್ಚು ನೋಡಿದೆ ಅಂತ ನಾಗಶ್ರೀ ಈಗಲೂ ಆಡಿಕೊಳ್ಳುತ್ತಾಳೆ.

ಆ ದಿನ ನಿನ್ನನ್ನು ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂರಿಸಿಕೊಂಡೆ. ಗಾಡಿ ಮೇಲೇರಿತು, ಜಾರಿತು, ಸುರಂಗಕ್ಕೆ ನುಗ್ಗಿತು. ರಾಕ್ಷಸನ ಒಂದು ಕಣ್ಣು ಮಾತ್ರ ಹೊತ್ತಿಕೊಂಡಿತು. ಬಾಯಿ ಅರ್ಧ ತೆರೆದು ಕಿರ್ರೆಂದು ನಿಂತಿತು. ಅಬ್ಬರಿಸಬೇಕಾದವನು ನೆಗಡಿಯಾದವನಂತೆ ಕೆಮ್ಮಿದ. ಹೊಗೆ ಬಂದದ್ದಂತೂ ನಾವೆಲ್ಲ ದಾಟಿಹೋದ ಮೇಲೆ. ಹಿಂದೆ ಕೂತವರು ಗೊಳ್ಳೆಂದು ನಕ್ಕರು. ಆ ನಗು ಕೆಳಗಿಳಿಯುವವರೆಗೂ ನಿಲ್ಲಲಿಲ್ಲ.

ಪಾರ್ಕಿನ ಮ್ಯಾನೇಜರು ಪುಟ್ಟಸ್ವಾಮಿ, "ಹದಿನೈದು ದಿನ ಟೈಮು ಕೊಡ್ತೀನಿ. ಸರಿ ಹೋಗದಿದ್ರೆ ತೆಗೆಸಿ ಬೇರೆಯವರಿಗೆ ಕೊಡ್ತೀನಿ" ಅಂದರು. ನಾಗಶ್ರೀ ಚೆನ್ನಾಗೇ ಇತ್ತು ಅಂದಳು. ಜೊತೆಯಲ್ಲಿ ಪರದೆ ಬರೆಯುವ ಮಹದೇವು, ಮೊದಲ ದಿನ ಎಲ್ಲರದ್ದೂ ಹಿಂಗೇ ಅಂದ. ನೀನೊಬ್ಬಳು ಏನೂ ಅನ್ನಲಿಲ್ಲ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೆದಕಿ ಕೇಳಿದೆ.

"ಚೆನ್ನಾಗಿರ್ನಿಲ್ಲ ಕಣ್ಲಾ" ಅಂದೆ ನೀನು. "ಕತ್ಲೊಳಕ್ ಓದಾಗ ಎದೆ ಡವಡವ ಅಂತಿತ್ತು. ಏನದೋ, ಎಲ್ಲದೋ ಅಂತ ಜೀವ ಬಾಯಿಗ್ ಬಂದಿತ್ತು. ನಿನ್ ರಾಕ್ಸ ಕಂಡ ನೋಡು, ಭಯ ಎಲ್ಲಾ ಇಳ್ದೋಯ್ತು. ನಂಗೂ ನಗು ಬಂತು ಬುಡು."

ಅಕ್ಕ, ಅದಕ್ಕೆ ನಾನು ಕೊಟ್ಟ ಉತ್ತರ ನನಗೆ ಇಂದಿಗೂ ಚುಚ್ಚುತ್ತದೆ. "ಸಗಣಿ ಬಾಚೋಳ್ಗೆ ಇದೆಲ್ಲ ಏನ್ ಗೊತ್ತಾದದು, ಓಗು" ಅಂದುಬಿಟ್ಟೆ. ಸುತ್ತ ಜನ ಇದ್ದರು. ನೀನು ಸೆರಗು ಸರಿಮಾಡಿಕೊಂಡು ಚಿಕ್ಕರಸಿನಕೆರೆ ಬಸ್ಸು ಹತ್ತಿದೆ. ನಾನು ಬಸ್ಸು ಹೊರಡುವವರೆಗೂ ನಿಲ್ಲಲಿಲ್ಲ.

ಆಮೇಲೆ ಹತ್ತು ದಿನ ಮೋಟಾರು ಬದಲಾಯಿಸಿದೆ, ಬಲ್ಬು ಬದಲಾಯಿಸಿದೆ. ಏನು ಮಾಡಿದರೂ ಆ ಮುಖ ನನಗೇ ನಗು ತರಿಸುತ್ತಿತ್ತು. ಹನ್ನೊಂದನೇ ದಿನ ಮಧ್ಯಾಹ್ನ ಸುರಂಗದೊಳಗೆ ಒಬ್ಬನೇ ಸ್ಕ್ರೂ ತಿರುಗಿಸುತ್ತಿದ್ದಾಗ ಕರೆಂಟು ಹೋಯಿತು. ನನ್ನ ಕೈ ನನಗೇ ಕಾಣಲಿಲ್ಲ. ಹಿಂದೆ ಎಲ್ಲೋ ಏನೋ ಸರಿದಂತಾಯಿತು. ಇಲಿಯೇ ಇರಬೇಕು. ಆದರೂ ಮೈ ಜುಮ್ಮೆಂದಿತು. ನೀನು ಹೇಳಿದ್ದು ಆಗ ತಲೆಗೆ ಹೋಯಿತು ನೋಡು. ಜನಕ್ಕೆ ರಾಕ್ಷಸ ಕಾಣಲೇಬಾರದು.

ಮಾರನೇ ದಿನ ಮಹದೇವುವನ್ನು ಕರೆಸಿ, ಎಂಟು ತಿಂಗಳ ಆ ತಲೆಯನ್ನು ಇಬ್ಬರೂ ಸೇರಿ ಕಳಚಿ ಹೊರಗೆ ಹಾಕಿದೆವು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಬೆಳಕು ಬರುವ ಸಂದಿಗಳನ್ನೆಲ್ಲ ಮುಚ್ಚಿದೆ. ಕೂತವರ ಬೆನ್ನ ಹಿಂದೆ ಯಾರೋ ನಿಧಾನವಾಗಿ ಉಸಿರಾಡುವ ಸದ್ದು, ಕತ್ತಿಗೆ ಬೆಚ್ಚನೆಯ ಗಾಳಿ ಒಂದೇ ಸಲ. ಇಷ್ಟೇ. "ರಾಕ್ಷಸ ಎಲ್ರೀ?" ಅಂತ ನಗುತ್ತಾ ಗಾಡಿ ಹತ್ತಿದ ಪುಟ್ಟಸ್ವಾಮಿ, ಇಳಿದಾಗ ಕತ್ತು ಸವರಿಕೊಳ್ಳುತ್ತಿದ್ದರು. ಸಂಜೆ ಕರೆದು, ಇನ್ನೊಂದು ಆಟದ ಕೆಲಸವೂ ನಿಮ್ಮದೇ ಅಂದರು. ಈಗ ಮಳವಳ್ಳಿ, ಮೈಸೂರು ಕಡೆಯಿಂದೆಲ್ಲ ಜನ ಆ ಸುರಂಗಕ್ಕೆಂದೇ ಬರುತ್ತಾರೆ. ಯಾರು ಹೇಳಿಕೊಟ್ಟರು ಅಂತ ಕೇಳಿದವರಿಗೆಲ್ಲ ನಮ್ಮಕ್ಕ ಅನ್ನುತ್ತೇನೆ. ನಿನಗೆ ಮಾತ್ರ ಹೇಳಿರಲಿಲ್ಲ. ನಾಚಿಕೆ ಅಡ್ಡ ಬರುತ್ತಿತ್ತು.

ಮೊನ್ನೆ ಭಾನುವಾರ ನಿನ್ನ ಮಗಳು ರಂಜಿತ ನಮ್ಮ ಮನೆಗೆ ಬಂದಿದ್ದಳು. ಮಾತಿಗೆ ಮಾತು ಬಂದು ಎಲ್ಲ ಹೇಳಿದಳು. ಪಾರ್ಕಿಗೆ ಬರುವ ಹಿಂದಿನ ದಿನದಿಂದಲೇ ನಿನಗೆ ತಲೆಸುತ್ತು ಇತ್ತಂತೆ. ಅವಳು ಬೇಡವೆಂದರೂ ಹೊರಟೆಯಂತೆ. ವಾಪಸು ಹೋಗಿ ಮೂರು ದಿನ ಎದ್ದಿರಲಿಲ್ಲವಂತೆ. ಈಗಲೂ ಆಗಾಗ ತಲೆಸುತ್ತು ಬರುತ್ತದಂತೆ. "ಅವ್ನಿಗ್ ಏಳ್ಬೇಡ, ನೊಂದ್ಕತನೆ" ಅಂತ ಅವಳ ಬಾಯಿಯನ್ನೂ ಕಟ್ಟಿದ್ದೀಯ. ಅಂಥದ್ದರಲ್ಲಿ ನಿಮ್ಮವ್ವ ಗಾಡಿ ಯಾಕೆ ಹತ್ತಿದಳು ಅಂತ ನಾನು ಅವಳನ್ನು ಕೇಳಿದೆ. "ನನ್ ತಮ್ಮ ಮಾಡವ್ನೆ. ನಾನೇ ಕುಂತ್ಕಂಡು ನೋಡ್ದಿದ್ರೆ ಇನ್ಯಾರ್ ನೋಡಾರು" ಅಂದಿದ್ದೆಯಂತೆ.

ರಂಜಿತ ಹೊರಟುಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಆ ದಿನದ ಮಾತಿಗೆ ಕ್ಷಮಿಸು ಅಕ್ಕ. ಎಲ್ಲರೂ ನನ್ನ ಮನಸ್ಸು ನೋಯದಿರಲಿ ಅಂತ ನೋಡಿದರು. ನೀನು ನನ್ನ ಕೆಲಸವನ್ನು ನೋಡಿದೆ. ಮಂಗಳವಾರ ಬೆಳಿಗ್ಗೆ ಬರುತ್ತೇನೆ. ನಿನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಬಂದು ಆ ತಲೆಸುತ್ತನ್ನು ಡಾಕ್ಟರಿಗೆ ತೋರಿಸುತ್ತೇನೆ. ಡೈರಿಗೆ ಹಾಲು ಹಾಕಬೇಕು ಅಂತ ನೆಪ ಹೇಳಬೇಡ, ರಂಜಿತ ಹಾಕುತ್ತಾಳೆ. ಸೀರೆ ಉಟ್ಟು ತಯಾರಾಗಿರು.

ನೀನು ನೂರು ಕಾಲ ಗಟ್ಟಿಯಾಗಿರು. ನನ್ನನ್ನು ಹರಸು.

ನಿನ್ನ ಪಾದಕ್ಕೆ ಹಣೆಯಿಟ್ಟು,
ಚಲುವರಾಜು